ಸೇವೆಯ ವರ್ಷ ಏಪ್ರಿಲ್‌ಗೆ ಮುಗಿಯಬಾರದು

ಜೂನ್ 5ಕ್ಕೆ ಪರಿಸರ ದಿನ, 21ಕ್ಕೆ ಯೋಗ ದಿನ, ಜುಲೈ ಮೊದಲ ವಾರ ವನಮಹೋತ್ಸವ, ಆಗಸ್ಟ್ 15ಕ್ಕೆ ಧ್ವಜಾರೋಹಣ, ಸೆಪ್ಟೆಂಬರ್ 24ಕ್ಕೆ ಎನ್‌ಎಸ್‌ಎಸ್ ದಿನ, ಅಕ್ಟೋಬರ್ 2ಕ್ಕೆ ಸ್ವಚ್ಛತಾ ಕಾರ್ಯಕ್ರಮ, ಡಿಸೆಂಬರ್ 1ಕ್ಕೆ ಏಡ್ಸ್ ಜಾಗೃತಿ ಜಾಥಾ, ಜನವರಿ 12ಕ್ಕೆ ಯುವ ದಿನ. ರಾಜ್ಯದ ಬಹುತೇಕ ಪದವಿ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಘಟಕಗಳ ವಾರ್ಷಿಕ ಕ್ರಿಯಾ ಯೋಜನೆ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ಪ್ರತಿ ದಿನಕ್ಕೂ ಒಂದು ಬ್ಯಾನರ್, ಒಬ್ಬರು ಮುಖ್ಯ ಅತಿಥಿ, ಒಂದು ಗುಂಪು ಫೋಟೊ, ಕೊನೆಗೊಂದು ವರದಿ. ಆದರೆ ಆ ಘಟಕವನ್ನು ಮುನ್ನಡೆಸುವ ಹುಡುಗನೋ ಹುಡುಗಿಯೋ ಈ ವರ್ಷ ತಾನು ಖುದ್ದಾಗಿ ಯಾರಿಗಾಗಿ, ಯಾವ ಕೆಲಸವನ್ನು ಕೊನೆ ಮುಟ್ಟಿಸುತ್ತೇನೆ ಎಂದು ಬರೆದಿಟ್ಟ ಸಾಲೊಂದು ಆ ಯೋಜನೆಯಲ್ಲಿ ಕಾಣಸಿಗುವುದು ಅಪರೂಪ.

ಬೇಕಾಗಿರುವುದು ಆ ಸಾಲು. ಸ್ವಯಂಸೇವಕ ದಳದ ನಾಯಕತ್ವ ಹೊತ್ತ ಪ್ರತಿಯೊಬ್ಬ ಯುವಕ, ಯುವತಿಯೂ ವರ್ಷದ ಆರಂಭದಲ್ಲಿ ಒಂದೋ ಎರಡೋ ಕೆಲಸಗಳನ್ನು ತನ್ನ ಹೆಸರಿಗೇ ಬರೆದುಕೊಳ್ಳಬೇಕು. ಆ ಕೆಲಸ ಕಾಲೇಜಿನ ಗೇಟು ಮುಚ್ಚುವ ಬೇಸಿಗೆಯಲ್ಲೂ ನಿಲ್ಲದಂತಿರಬೇಕು. ದಿನಾಚರಣೆಗಳು ಇರಲಿ, ಅವುಗಳಿಗೆ ಅವುಗಳದೇ ಉಪಯೋಗವಿದೆ. ಆದರೆ ಅವು ಘಟಕದ ಕಾರ್ಯಕ್ರಮಗಳಷ್ಟೇ. ಒಬ್ಬ ನಾಯಕನ ಗುರಿ ಅವುಗಳಿಂದ ತಾನಾಗಿ ಹುಟ್ಟಿ ಬರುವುದಿಲ್ಲ.

ಎನ್‌ಎಸ್‌ಎಸ್ ಶುರುವಾದದ್ದು ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋಗಿದ್ದ ಅವರೇ ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಐಸೆಕ್ ಅನ್ನು ಕಟ್ಟಿದರು. ಅವರು ಚಾಲನೆ ಕೊಟ್ಟ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಇಂದು ಎನ್‌ಎಸ್‌ಎಸ್ ಬ್ಯಾಡ್ಜ್ ತೊಡುವವರ ಸಂಖ್ಯೆ ಲಕ್ಷಗಳಲ್ಲಿದೆ. ಆ ಬ್ಯಾಡ್ಜಿನ ಮೇಲಿರುವುದು ಕೋನಾರ್ಕದ ಸೂರ್ಯ ದೇವಾಲಯದ ರಥಚಕ್ರ. ಅದರ ಎಂಟು ಅರೆಗಳು ದಿನದ 24 ಗಂಟೆಗಳನ್ನು, ಅಂದರೆ ಎಂಟು ಜಾವವೂ ಸೇವೆಗೆ ಸಿದ್ಧ ಎಂಬುದನ್ನು ಸೂಚಿಸುತ್ತವೆ.

ಬ್ಯಾಡ್ಜ್ ಎಂಟು ಜಾವ ಕೇಳಿದರೂ ನಿಯಮ ಕೇಳುವುದು ವರ್ಷಕ್ಕೆ 120 ಗಂಟೆ. ಎರಡು ವರ್ಷಕ್ಕೆ 240. ಜೊತೆಗೆ ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ. ತಿಂಗಳಿಗೆ ಹಂಚಿದರೆ ಹತ್ತು ಗಂಟೆ, ವಾರಕ್ಕೆ ಎರಡೂವರೆ ಗಂಟೆಗೂ ಕಡಿಮೆ. ಓದು, ಬಸ್ಸು, ಮನೆಗೆಲಸಗಳ ನಡುವೆಯೂ ಹೊಂದಿಸಿಕೊಳ್ಳಬಹುದಾದ, ಅಳತೆ ನೋಡಿ ಇಟ್ಟ ಲೆಕ್ಕವದು. ಆದರೆ ಗಂಟೆಗಳ ಲೆಕ್ಕಕ್ಕೆ ಒಂದು ಮಿತಿಯಿದೆ. ಒಂದು ವರ್ಷದಲ್ಲಿ ಹನ್ನೆರಡು ಬಗೆಯ ಕೆಲಸಗಳಿಗೆ ಹತ್ತತ್ತು ಗಂಟೆ ಕೊಟ್ಟವರೂ, ಒಂದೇ ಅಂಗನವಾಡಿಗೆ ವಾರ ತಪ್ಪದೆ ಹೋಗಿ ಬಂದವರೂ ಡೈರಿಯಲ್ಲಿ ಒಂದೇ ಸಮ. ಇಬ್ಬರ ಪ್ರಮಾಣಪತ್ರದಲ್ಲೂ ಅದೇ ಸಂಖ್ಯೆ. ಆ ಅಂಗನವಾಡಿಯ ಮಕ್ಕಳಿಗೆ, ಅಲ್ಲಿನ ಕಾರ್ಯಕರ್ತೆಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ವರ್ಷದ ಗುರಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಪಾಠವಿದೆ. ಅದನ್ನು ಕೊಟ್ಟವರು ಶಾಲೆಯ ಮೆಟ್ಟಿಲು ಹತ್ತದ ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದದ ರಸ್ತೆಯಂಚಿನಲ್ಲಿ ಅವರೂ ಅವರ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು 385 ಎಂದು ಎಲ್ಲರೂ ಹೇಳುತ್ತಾರೆ. ಆ ಸಂಖ್ಯೆ ಪಠ್ಯಪುಸ್ತಕಗಳಿಗೂ ಭಾಷಣಗಳಿಗೂ ಹೋಗಿದೆ. ಆದರೆ ಯುವ ನಾಯಕರು ನೆನಪಿಡಬೇಕಾದ ಸಂಖ್ಯೆಗಳು ಬೇರೆ. ದಂಪತಿ ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಎರಡನೆಯ ವರ್ಷ ಹದಿನೈದು. ಮೂರನೆಯ ವರ್ಷ ಇಪ್ಪತ್ತು.

ಹತ್ತೇ ಏಕೆ? ನೀರು ಕೊಡದಲ್ಲಿ ಹೊತ್ತು ತರಬೇಕಿತ್ತು. ಇಬ್ಬರೂ ಕೂಲಿ ಮಾಡುತ್ತಿದ್ದವರು, ದುಡಿಮೆ ಮುಗಿಸಿ ಉಳಿದ ಹೊತ್ತಿನಲ್ಲಿ ಆ ಕೆಲಸ. ಸಸಿ ನೆಡುವುದು ಮಳೆಗಾಲದ ಹೊತ್ತಿಗೆ, ಬೇರು ಊರಲು ಆಕಾಶದ ನೀರು ಸಿಗಲಿ ಎಂದು. ದನಕರು ಬಾಯಿ ಹಾಕದಂತೆ ಸುತ್ತ ಮುಳ್ಳಿನ ಬೇಲಿ. ಎಷ್ಟು ಸಸಿ ನೆಡಬಹುದು ಎಂಬುದಕ್ಕಿಂತ ಎಷ್ಟಕ್ಕೆ ನೀರು ಹೊರಬಹುದು ಎಂಬುದು ಅವರ ಮುಂದಿದ್ದ ಪ್ರಶ್ನೆ. ಹತ್ತು ಬದುಕಿದವು ಎಂದು ಗೊತ್ತಾದ ಮೇಲೆ ಐದು ಹೆಚ್ಚಾದವು. ಒಮ್ಮೆಗೇ ನೂರು ನೆಟ್ಟಿದ್ದರೆ ಆ ರಸ್ತೆ ಇವತ್ತಿಗೂ ಬೋಳಾಗಿಯೇ ಇರುತ್ತಿತ್ತೇನೋ. ಪದ್ಮಶ್ರೀ ಬಂದದ್ದು 2019ರಲ್ಲಿ. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಭಯ ಹುಟ್ಟಿದಾಗ ಶತಾಯುಷಿ ಅಜ್ಜಿ ಮುಖ್ಯಮಂತ್ರಿಯವರ ಬಳಿಗೇ ಹೋಗಿ ಉಳಿಸಿಕೊಡಿ ಎಂದು ಕೇಳಿದರು. ನೆಟ್ಟು ದಶಕಗಳಾದರೂ ಹೊಣೆ ಮುಗಿದಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಇದಕ್ಕೆ ಎದುರಾಗಿ ವನಮಹೋತ್ಸವದ ಬಗ್ಗೆ ಒಂದು ಮಾತು ಹೇಳಲೇಬೇಕು. 1950ರಲ್ಲಿ ಆಗಿನ ಕೇಂದ್ರ ಕೃಷಿ ಮತ್ತು ಆಹಾರ ಸಚಿವ ಕೆ.ಎಂ. ಮುನ್ಷಿ ಆರಂಭಿಸಿದ ಈ ಹಬ್ಬದ ಉದ್ದೇಶ ಒಳ್ಳೆಯದೇ, ಅದರ ಕಾಲವೂ ಸರಿಯಾದದ್ದೇ. ಮುಂಗಾರಿನಲ್ಲಿ ನೆಟ್ಟರೆ ಗಿಡ ಹಿಡಿಯುತ್ತದೆ. ಸಮಸ್ಯೆ ಇರುವುದು ಮುಂದಿನ ಮಾರ್ಚ್‌ನಲ್ಲಿ. ಮುಂಗಾರು, ಹಿಂಗಾರು ಎರಡೂ ಮುಗಿದು ಮಣ್ಣು ಒಣಗುತ್ತದೆ. ಅದೇ ಹೊತ್ತಿಗೆ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮುಳುಗಿರುತ್ತಾರೆ. ಏಪ್ರಿಲ್, ಮೇ ಬಂದರೆ ಹಾಸ್ಟೆಲುಗಳು ಖಾಲಿ. ಸಸಿಗೆ ನೀರು ಅತಿ ಹೆಚ್ಚು ಬೇಕಾದ ಎಂಟು ಹತ್ತು ವಾರಗಳಲ್ಲೇ ಅದನ್ನು ನೆಟ್ಟವರು ಊರಲ್ಲಿರುವುದಿಲ್ಲ. ಮತ್ತೆ ಜೂನ್ 5 ಬಂದಾಗ ಹಳೆಯ ಗುಂಡಿಯನ್ನೇ ಕೆದಕಿ ಹೊಸ ಸಸಿ ಇಡುವ ಕಾಲೇಜುಗಳಿಗೇನೂ ಕೊರತೆಯಿಲ್ಲ.

ಹಾಗಾಗಿ ಗಿಡದ ವಿಚಾರದಲ್ಲಿ ನಾಯಕನೊಬ್ಬನ ಗುರಿ "ಈ ವರ್ಷ 200 ಸಸಿ ನೆಡುವುದು" ಎಂದಿದ್ದರೆ ಸಾಲದು. "ಮುಂದಿನ ಜೂನ್ 5ರಂದು 12 ಸಸಿಗಳು ಚಿಗುರಿರಬೇಕು" ಎಂದಿದ್ದರೆ ಉಳಿದದ್ದೆಲ್ಲ ತಾನಾಗಿ ಅದರ ಹಿಂದೆ ಬರುತ್ತದೆ. ರಜೆಯಲ್ಲಿ ನೀರು ಹಾಕುವವರು ಯಾರು, ಬೋರ್‌ವೆಲ್ ಎಷ್ಟು ದೂರ, ಕಾಲೇಜಿನ ಕಾವಲುಗಾರರ ಜೊತೆ ಮಾತಾಡಬೇಕೇ, ಸ್ಥಳೀಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಒಪ್ಪಿಸಬೇಕೇ ಎಂಬ ಪ್ರಶ್ನೆಗಳು ಜುಲೈನಲ್ಲೇ ಎದುರಾಗುತ್ತವೆ. ಗುರಿಯ ದಿನಾಂಕ ಬದಲಾದ ಕೂಡಲೇ ಕೆಲಸದ ಸ್ವರೂಪವೂ ಬದಲಾಗುತ್ತದೆ.

ಬೇಸಿಗೆಯ ಈ ಖಾಲಿತನ ಗಿಡಗಳನ್ನಷ್ಟೇ ಕಾಡುವುದಿಲ್ಲ. ರಕ್ತದ ವಿಷಯ ಇನ್ನೂ ಗಂಭೀರ. ರಕ್ತದಾನ ಶಿಬಿರಗಳ ದೊಡ್ಡ ಆಸರೆ ಕಾಲೇಜುಗಳು. ತರಗತಿ ನಡೆಯುವ ತಿಂಗಳುಗಳಲ್ಲಿ, ಅದರಲ್ಲೂ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನದಂಥ ಸಂದರ್ಭಗಳಲ್ಲಿ ಶಿಬಿರಗಳು ಸಾಲುಸಾಲಾಗಿ ನಡೆಯುತ್ತವೆ. ಆದರೆ ರಕ್ತ ಕೂಡಿಟ್ಟು ಕಾಯುವ ವಸ್ತುವಲ್ಲ. ಕೆಂಪು ರಕ್ತಕಣಗಳನ್ನು ಶೀತಲ ಪೆಟ್ಟಿಗೆಯಲ್ಲಿಟ್ಟರೂ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳು ಐದು ದಿನ. ಒಂದೇ ವಾರದಲ್ಲಿ ನೂರಾರು ಯೂನಿಟ್ ಬಂದರೆ ಅದು ಏಪ್ರಿಲ್‌ವರೆಗೆ ಉಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜು ಮುಚ್ಚಿದಾಗ ರಕ್ತನಿಧಿಗಳು ಕೊರತೆಯ ಮನವಿ ಮಾಡುವುದು ಪ್ರತಿ ವರ್ಷದ ಕತೆ. ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಆ ಮಗುವಿನ ತಂದೆತಾಯಿಗೆ ಬೇಸಿಗೆ ರಜೆ ಎಂದರೆ ಊರೂರು ಅಲೆದು ದಾನಿಗಳನ್ನು ಹುಡುಕುವ ಕಾಲ.

ಇಲ್ಲಿ ವೈಯಕ್ತಿಕ ಗುರಿಯ ಲೆಕ್ಕ ಬಹಳ ಸರಳ. 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಅಂದರೆ ಯುವಕನೊಬ್ಬ ವರ್ಷಕ್ಕೆ ನಾಲ್ಕು ಸಲ, ಯುವತಿಯೊಬ್ಬಳು ಮೂರು ಸಲ. ನಾಯಕನಾದವನು ವರ್ಷಕ್ಕೆ ಎರಡೇ ಸಲ ಕೊಟ್ಟರೂ ಸಾಕು, ಅದರಲ್ಲೊಂದು ಮೇ ತಿಂಗಳಲ್ಲಿರಲಿ. ತನ್ನೂರಿನ ಹತ್ತು ಜನರ ರಕ್ತದ ಗುಂಪು ಮತ್ತು ಕೊನೆಯ ಬಾರಿ ಕೊಟ್ಟ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಟ್ಟು, ಹತ್ತಿರದ ರಕ್ತನಿಧಿಗೆ ಬೇಸಿಗೆಯಲ್ಲಿ ಒಬ್ಬೊಬ್ಬರನ್ನಾಗಿ ಕಳಿಸುವ ವಿದ್ಯಾರ್ಥಿನಿ, ಹಿಮೋಗ್ಲೋಬಿನ್ ಸಾಲದೆ ತಾನು ಒಂದು ಸಲವೂ ರಕ್ತ ಕೊಡಲಾಗದಿದ್ದರೂ, ಶಿಬಿರ ಉದ್ಘಾಟನೆಯ ವೇದಿಕೆಯಲ್ಲಿ ಕುಳಿತವರಿಗಿಂತ ಹೆಚ್ಚಿನ ಕೆಲಸ ಮಾಡಿರುತ್ತಾಳೆ.

ಓದಿನ ಕ್ಷೇತ್ರದಲ್ಲೂ ಬೇಸಿಗೆಗೆ ಈಗ ಹೊಸ ಮಹತ್ವ ಬಂದಿದೆ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮಾರ್ಚ್‌-ಏಪ್ರಿಲ್‌ನ ಮೊದಲ ಪರೀಕ್ಷೆಯಲ್ಲಿ ಗಣಿತವೋ ಇಂಗ್ಲಿಷೋ ಕೈಕೊಟ್ಟ ಮಗುವಿಗೆ ಎರಡನೆಯ ಪರೀಕ್ಷೆಗೆ ಕೆಲವೇ ವಾರಗಳ ಸಮಯ. ಪಟ್ಟಣದ ಮಕ್ಕಳಿಗೆ ಟ್ಯೂಷನ್ ಸಿಗುತ್ತದೆ. ಹಳ್ಳಿಯ ಮಗು, ಅದರಲ್ಲೂ ಹೆಣ್ಣುಮಗು, ಫೇಲ್ ಎಂದ ಕೂಡಲೇ ಮದುವೆಯ ಮಾತೋ ಕೂಲಿಯ ಮಾತೋ ಕಿವಿಗೆ ಬೀಳುತ್ತದೆ. ಅದೇ ಹೊತ್ತಿಗೆ ಅದೇ ಊರಿಗೆ ಕಾಲೇಜಿನ ಎನ್‌ಎಸ್‌ಎಸ್ ನಾಯಕಿ ರಜೆಗೆಂದು ಬಂದಿರುತ್ತಾಳೆ. ತನ್ನ ಬೀದಿಯ ಮೂವರು ಮಕ್ಕಳನ್ನು ಎರಡನೆಯ ಪರೀಕ್ಷೆಯಲ್ಲಿ ಕೂರಿಸುತ್ತೇನೆ, ಅಲ್ಲೂ ಆಗದಿದ್ದರೆ ಮುಂದಿನದಕ್ಕೆ ಬಿಡದೆ ಕಳಿಸುತ್ತೇನೆ ಎಂಬುದು ಆ ವರ್ಷದ ಅವಳ ಗುರಿಯಾದರೆ ಅದಕ್ಕೆ ಬಜೆಟ್ಟು ಬೇಡ, ಬ್ಯಾನರು ಬೇಡ. ಬೇಕಾದದ್ದು ಜಗಲಿ, ಸ್ಲೇಟು, ಬೆಳಗಿನ ಒಂದು ಗಂಟೆ, ಮತ್ತೆ ಆ ಮಕ್ಕಳ ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಮಾತಾಡುವ ಧೈರ್ಯ. ಕೊನೆಯದೇ ಕಷ್ಟದ್ದು.

ಒಬ್ಬ ಸ್ವಯಂಸೇವಕ, ಕೈಬೆರಳಲ್ಲಿ ಎಣಿಸಬಹುದಾದಷ್ಟು ಹೆಸರುಗಳು: ಈ ಕ್ರಮವನ್ನು ಕರ್ನಾಟಕ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದೆ. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನ್ನಿಸಿಕೊಂಡ ಬೆನ್ನಲ್ಲೇ ದಕ್ಷಿಣ ಕನ್ನಡದಲ್ಲೂ ಆಮೇಲೆ ವಿಜಾಪುರದಂಥ ಜಿಲ್ಲೆಗಳಲ್ಲೂ ಸಾಕ್ಷರತಾ ಆಂದೋಲನ ಹಬ್ಬಿತು. ಸಂಬಳವಿಲ್ಲದ ಸ್ವಯಂಸೇವಕರೊಬ್ಬರಿಗೆ ಸುಮಾರು ಹತ್ತು ಕಲಿಕಾರ್ಥಿಗಳು, ಮೂರು ಹಂತದ ಪ್ರಾಥಮಿಕ ಪಠ್ಯ, ಒಟ್ಟು 200 ಗಂಟೆಯ ಕಲಿಕೆ. ಲಾಟೀನಿನ ಬೆಳಕಿನಲ್ಲಿ, ಬೀಡಿ ಕಟ್ಟುವ ಮನೆಯಂಗಳದಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ಆ ತರಗತಿಗಳು ನಡೆದವು. ಜಿಲ್ಲೆಗೆ ಲಕ್ಷಾಂತರ ಜನರ ಗುರಿಯಿದ್ದರೂ ಪಾಠ ಹೇಳುವ ಹುಡುಗಿಯ ಮುಂದಿದ್ದದ್ದು ಹತ್ತು ಮುಖಗಳು. ಅವರಲ್ಲಿ ಯಾರು ನಿನ್ನೆ ಬರಲಿಲ್ಲ, ಯಾರಿಗೆ ಕನ್ನಡಕ ಬೇಕು, ಯಾರ ಗಂಡ ಬೈಯುತ್ತಾನೆ ಎಂಬುದು ಅವಳಿಗೆ ತಿಳಿದಿರುತ್ತಿತ್ತು.

ಆ ಆಂದೋಲನದ ಸೋಲನ್ನೂ ಹೇಳಬೇಕು. ಅಕ್ಷರ ಕಲಿತವರಲ್ಲಿ ಎಷ್ಟೋ ಮಂದಿ ಓದಲು ಏನೂ ಸಿಗದೆ ಮತ್ತೆ ಮರೆತರು. ಅದಕ್ಕಾಗಿಯೇ ಸಾಕ್ಷರೋತ್ತರ ಕಾರ್ಯಕ್ರಮಗಳು, ಮುಂದುವರಿಕೆ ಶಿಕ್ಷಣ ಕೇಂದ್ರಗಳು ಬಂದವು. ಆದರೆ ಮೊದಲ ಹಂತದ ಉತ್ಸಾಹ ಎರಡನೆಯ ಹಂತಕ್ಕೆ ಉಳಿಯಲಿಲ್ಲ. ಜಿಲ್ಲೆಯನ್ನು ಸಂಪೂರ್ಣ ಸಾಕ್ಷರ ಎಂದು ಘೋಷಿಸಿದ ದಿನ ಕೆಲಸ ಮುಗಿಯಿತು ಎಂಬ ಭಾವನೆ ಬಂದುಬಿಟ್ಟಿತು. ಗುರಿ ಎಲ್ಲಿ ಕೊನೆಯಾಗುತ್ತದೆ ಎಂದು ತಪ್ಪಾಗಿ ಗುರುತಿಸಿದರೆ ಒಳ್ಳೆಯ ಗುರಿಯೂ ಹೀಗೆ ಮೊಟಕಾಗುತ್ತದೆ. ಸಮಾರೋಪ ಸಮಾರಂಭವನ್ನೇ ಕೊನೆ ಎಂದುಕೊಳ್ಳುವ ಇಂದಿನ ಏಳು ದಿನದ ಶಿಬಿರಗಳದ್ದೂ ಇದೇ ತೊಂದರೆ.

ಯುವಜನರನ್ನು ಕಟ್ಟುವುದರಲ್ಲಿ ಈ ನಾಡಿನವರು ದೇಶಕ್ಕೇ ಮೇಲ್ಪಂಕ್ತಿ ಹಾಕಿದ್ದಾರೆ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಅದೇ ಸೇವಾದಳದ ಪರಂಪರೆಯಲ್ಲಿ ಬೆಳೆದವರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್. 1942ರ ಚಳವಳಿಯಲ್ಲಿ ಹದಿಮೂರರ ಹುಡುಗನಾಗಿ ಪೊಲೀಸರ ಕೈಗೆ ಸಿಕ್ಕವರು, ಮುಂದೆ ಉತ್ತರ ಭಾರತದ ಯುವಕರ ಬಾಯಲ್ಲಿ 'ಭಾಯಿಜಿ' ಆದರು. ಡಕಾಯಿತರಿಗೆ ಹೆಸರಾದ ಚಂಬಲ್ ಕಣಿವೆಯಲ್ಲಿ ಯುವ ಶಿಬಿರಗಳನ್ನು ನಡೆಸಿ, ಮೊರೇನಾ ಜಿಲ್ಲೆಯ ಜೌರಾದಲ್ಲಿ ಮಹಾತ್ಮ ಗಾಂಧಿ ಸೇವಾಶ್ರಮ ಸ್ಥಾಪಿಸಿದರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅದೇ ಜೌರಾದಲ್ಲಿ. ಹಿಂದಿ ಸೀಮೆಯ ಆ ಹಳ್ಳಿಗಳಲ್ಲಿ ಖಾಕಿ ಚಡ್ಡಿ, ಬಿಳಿ ಅಂಗಿಯ ಕನ್ನಡಿಗರೊಬ್ಬರು ಸಂಪಾದಿಸಿದ ನಂಬಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸುಬ್ಬರಾವ್ ತಮ್ಮ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ಯುವಕರಿಂದ ಕೇಳುತ್ತಿದ್ದದ್ದು ದಿನಕ್ಕೆ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ. ಅಷ್ಟು ಸಣ್ಣ ಕೋರಿಕೆ. ಆದರೆ ಅದನ್ನು ಕೇಳುವ ಅಧಿಕಾರ ಅವರಿಗೆ ಬಂದದ್ದು ಶಿಬಿರದಲ್ಲಿ ಗುದ್ದಲಿ ಹಿಡಿಯುವವರ ಜೊತೆ ತಾವೂ ಗುದ್ದಲಿ ಹಿಡಿದು, ಅವರ ಜೊತೆಗೇ ಉಂಡು, ಹಾಡಿ, ಮಲಗಿದ್ದರಿಂದ. 2021ರಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂದಿನ ಯುವ ನಾಯಕರು ಅವರ ಈ ರೀತಿಯನ್ನು ಗಮನಿಸಬೇಕು. ದಳದವರಿಗೆ ಕೆಲಸ ಹಂಚುವುದು, ಹಾಜರಿ ಹಾಕುವುದು, ಸ್ವಾಗತ ಭಾಷಣ ಮಾಡುವುದು ಇವೆಲ್ಲ ನಾಯಕನ ಕರ್ತವ್ಯಗಳು ಹೌದು. ಅವುಗಳಿಂದ ಅವನ ವೈಯಕ್ತಿಕ ಸೇವೆಯ ಲೆಕ್ಕ ತುಂಬುವುದಿಲ್ಲ. ಅವನ ಕೈಯಿಂದಲೇ ಆಗಬೇಕಾದ ಕೆಲಸ ಬೇರೆಯೇ ಇರಬೇಕು.

ಗುರಿ ಇಟ್ಟುಕೊಳ್ಳುವುದು ಸುಲಭ, ಫೆಬ್ರುವರಿಯವರೆಗೆ ಅದನ್ನು ನೆನಪಿಡುವುದು ಕಷ್ಟ. ಇಲ್ಲಿ ಸ್ಕೌಟ್ ಚಳವಳಿಯಿಂದ ಕಲಿಯಬೇಕಾದ್ದಿದೆ. ಭಾರತದಲ್ಲಿ ಸ್ಕೌಟಿಂಗ್ ಕಣ್ಣುಬಿಟ್ಟದ್ದೇ 1909ರಲ್ಲಿ, ಬೆಂಗಳೂರಿನಲ್ಲಿ. ಹತ್ತು ವರ್ಷದ ನಂತರ, 1919ರ ಸೆಪ್ಟೆಂಬರ್‌ನಲ್ಲಿ, ಲಂಡನ್ ಸಮೀಪದ ಗಿಲ್ವೆಲ್ ಪಾರ್ಕಿನಲ್ಲಿ ಬೇಡನ್ ಪೊವೆಲ್ ವಯಸ್ಕ ನಾಯಕರಿಗಾಗಿ ವುಡ್ ಬ್ಯಾಡ್ಜ್ ತರಬೇತಿ ಶುರುಮಾಡಿದರು. ನಮ್ಮಲ್ಲಿ ಅದರ ಹೆಸರು ಹಿಮಾಲಯ ವುಡ್ ಬ್ಯಾಡ್ಜ್; ಕೊರಳಲ್ಲಿ ತೊಗಲಿನ ದಾರಕ್ಕೆ ಕಟ್ಟಿದ ಎರಡು ಮರದ ಮಣಿಗಳನ್ನು ಕಂಡರೆ ಆ ತರಬೇತಿ ಮುಗಿಸಿದವರು ಎಂದು ತಿಳಿಯಬೇಕು. ಅಮೆರಿಕದ ಸ್ಕೌಟ್ ನಾಯಕರು ಈ ತರಬೇತಿಯ ಅಂಗವಾಗಿ ಐದು ಗುರಿಗಳನ್ನು ತಾವೇ ಬರೆದುಕೊಡುತ್ತಾರೆ. ಅವುಗಳಿಗೆ 'ಟಿಕೆಟ್' ಎಂದು ಹೆಸರು. 18 ತಿಂಗಳಲ್ಲಿ ಐದನ್ನೂ ಮುಗಿಸಬೇಕು. ಮುಖ್ಯವಾದದ್ದು ಮುಂದಿನದು: ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕ ಇರುತ್ತಾರೆ. ಗುರಿ ಬರೆಯುವಾಗ ಇದು ಆಗುವ ಮಾತೇ ಎಂದು ಕೇಳುತ್ತಾರೆ, ನಡುವೆ ಫೋನು ಮಾಡಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ, ಮುಗಿದಾಗ ಸಹಿ ಹಾಕುತ್ತಾರೆ. ಕೋರ್ಸಿಗೆ ಕೂತದ್ದಕ್ಕೆ ಮಣಿ ಸಿಗುವುದಿಲ್ಲ, ಊರಿಗೆ ಮರಳಿ ಕೆಲಸ ಮಾಡಿದ್ದಕ್ಕೆ ಸಿಗುತ್ತದೆ.

ನಮ್ಮ ಎನ್‌ಎಸ್‌ಎಸ್ ಘಟಕವೊಂದಕ್ಕೆ ಸಾಮಾನ್ಯವಾಗಿ ನೂರು ಸ್ವಯಂಸೇವಕರು, ಅವರಿಗೆ ಒಬ್ಬರು ಕಾರ್ಯಕ್ರಮಾಧಿಕಾರಿ. ಆ ಅಧಿಕಾರಿಯೂ ಪೂರ್ಣಾವಧಿ ಅಧ್ಯಾಪಕರೇ. ಪಾಠ, ಮೌಲ್ಯಮಾಪನ, ನ್ಯಾಕ್ ಮಾನ್ಯತೆಯ ಕಡತಗಳ ನಡುವೆ ನೂರು ಮಂದಿಯ ಗುರಿಗಳನ್ನು ಅವರು ಬೆನ್ನುಹತ್ತಲಾರರು, ಹಾಗೆ ನಿರೀಕ್ಷಿಸುವುದೂ ತಪ್ಪು. ಆದರೆ ಎಂಟು ಹತ್ತು ನಾಯಕರ ಗುರಿಗಳನ್ನು ಅವರು ವಿಚಾರಿಸಬಹುದು. ನಾಯಕರು ತಲಾ ಹತ್ತು ಮಂದಿಯನ್ನು. ಜೊತೆಗೆ ಕೇಳುವ ಹಕ್ಕು ಇನ್ನೊಬ್ಬರಿಗೂ ಇರಬೇಕು: ಸೇವೆ ಪಡೆಯುವವರಿಗೆ. ಅಂಗನವಾಡಿ ಕಾರ್ಯಕರ್ತೆ, ಗ್ರಂಥಾಲಯದ ಮೇಲ್ವಿಚಾರಕ, ಆ ಬೀದಿಯ ಅಜ್ಜಿ ಹೇಳಬೇಕು ಕೆಲಸ ಆಯಿತೋ ಇಲ್ಲವೋ ಎಂದು. ಸಹಿ ಅವರದೇ ಆದರೆ ಇನ್ನೂ ಚೆನ್ನ.

ಯಾರಿಗಾಗಿ ಗುರಿಯೋ ಅವರನ್ನೇ ಮೊದಲು ಕೇಳಬೇಕು ಎಂಬುದಕ್ಕೆ ಹೆಗ್ಗಡದೇವನಕೋಟೆಯ ಉದಾಹರಣೆ ಕಣ್ಮುಂದಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳ್ತನದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಹೆಗ್ಗಡದೇವನಕೋಟೆಯ ಜೇನುಕುರುಬ, ಕಾಡುಕುರುಬ ಹಾಡಿಗಳಿಗೆ ಹೋದಾಗ ಅವರ ಕೈಯಲ್ಲಿದ್ದದ್ದು ಸ್ಟೆತಸ್ಕೋಪು. ಹಾಡಿಯ ಬದುಕನ್ನು ಹತ್ತಿರದಿಂದ ಕಂಡಂತೆ ಔಷಧವೊಂದೇ ಸಾಲದು ಎಂಬುದು ತಿಳಿಯುತ್ತ ಹೋಯಿತು. ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗೆ ಶಾಲೆ ಬಂತು, ಸರಗೂರಿನಲ್ಲಿ ಆಸ್ಪತ್ರೆ ಬಂತು. ವೈದ್ಯರು ಶಾಲೆ ತೆರೆಯಬೇಕಾಗಿ ಬಂದದ್ದು ಅವರ ಮೊದಲ ವರ್ಷದ ಯೋಜನೆಯ ಸೋಲೇನಲ್ಲ; ಜನರ ಮಾತಿಗೆ ಕಿವಿಗೊಟ್ಟು ಗುರಿಯನ್ನು ತಿದ್ದಿಕೊಂಡದ್ದು. ವರ್ಷದ ನಡುವೆ, ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ, ಬರೆದ ಗುರಿಯನ್ನು ತೆರೆದು ತಿದ್ದಲು ನಾಯಕರಿಗೆ ಅವಕಾಶವಿರಬೇಕು. ಕಲ್ಲಿನಲ್ಲಿ ಕೊರೆದಂತೆ ಹಿಡಿದುಕೊಂಡರೆ ಯಾರಿಗೂ ಬೇಡದ ಕೆಲಸವೂ ಪೂರ್ತಿಯಾಗಿಬಿಡುತ್ತದೆ.

ಹೀಗೆ ಗುರಿ ಬರೆದಿಡುವುದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಸೇವೆ ಹೃದಯದಿಂದ ಬರಬೇಕು, ಅದಕ್ಕೆ ಗುರಿ, ಅವಧಿ, ಸಹಿ ಎಂದೆಲ್ಲ ಕಟ್ಟಿದರೆ ಅದು ಕಚೇರಿಯ ಕೆಲಸವಾಗುತ್ತದೆ ಎನ್ನುವ ಹಿರಿಯರಿದ್ದಾರೆ. ಪ್ರಮಾಣಪತ್ರಕ್ಕೆ, ಅಂಕಗಳಿಗೆ ಸೇವೆ ಗಂಟುಬಿದ್ದಿರುವುದನ್ನು ಕಂಡವರು ಹಾಗೆ ಹೇಳುವುದರಲ್ಲಿ ಅರ್ಥವಿದೆ. ಆದರೆ ಹೃದಯದಿಂದ ಬಂದ ಸೇವೆಯೂ ಎದುರಿಗಿರುವವರಿಗೆ ಮಾತು ಕೊಟ್ಟಿರುತ್ತದೆ. ಶನಿವಾರ ಬರುತ್ತೇನೆ ಎಂದು ಹೇಳಿ ಬಾರದ ಅಣ್ಣನಿಗಾಗಿ ಶಾಲೆಯ ಕಟ್ಟೆಯ ಮೇಲೆ ಕಾದು ಕೂತ ಮಕ್ಕಳಿಗೆ ಅವನ ಹೃದಯ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ. ಬರೆದಿಟ್ಟ ಗುರಿ ಆ ಮಕ್ಕಳ ಪರವಾಗಿ ನಿಲ್ಲುವ ಒಂದು ಕಾಗದ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಎಲ್ಲರ ಕೈಯಲ್ಲೂ ಒಂದೇ ಸಮನಾದ ಬಿಡುವಿಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು, ಸಂಜೆ ಆರಕ್ಕೆ ಮನೆ ಮುಟ್ಟಿ, ಮತ್ತೆ ನೀರು, ಒಲೆ, ತಮ್ಮಂದಿರ ಹೋಂವರ್ಕ್ ಎಂದು ನಿಲ್ಲುವ ಹುಡುಗಿಗೆ ಕಾಲೇಜಿನ ದತ್ತು ಗ್ರಾಮದಲ್ಲಿ ಭಾನುವಾರ ಕಳೆಯಿರಿ ಎಂದರೆ ಮನೆಯಲ್ಲಿ ಒಪ್ಪುವುದಿಲ್ಲ, ಒಪ್ಪಿದರೂ ಮೈಯಲ್ಲಿ ಶಕ್ತಿಯಿರುವುದಿಲ್ಲ. ರಜೆಯಲ್ಲಿ ಗಾರೆ ಕೆಲಸಕ್ಕೋ ಕೇಟರಿಂಗಿಗೋ ಹೋಗಿ ಫೀಸು ಹೊಂದಿಸುವ ಹುಡುಗನಿಗೆ ಬೇಸಿಗೆಯಲ್ಲಿ ಸೇವೆ ಮಾಡು ಎನ್ನಲು ಯಾರಿಗೂ ಬಾಯಿ ಬರಬಾರದು. ಗುರಿ ವೈಯಕ್ತಿಕವಾಗಿರಬೇಕು ಎನ್ನುವುದು ಇದಕ್ಕಾಗಿಯೇ. ಆ ಹುಡುಗಿಯ ಗುರಿ ಅವಳ ಬೀದಿಯಲ್ಲೇ ಇರಲಿ: ಪಿಂಚಣಿ ನಿಂತುಹೋದ ಮೂವರು ಅಜ್ಜಿಯರ ಕಾಗದಪತ್ರಗಳನ್ನು ನಾಡಕಚೇರಿಯಲ್ಲಿ ಸರಿಮಾಡಿಸುವುದು ಒಂದು ವರ್ಷಕ್ಕೆ ಸಾಕಷ್ಟು ದೊಡ್ಡ ಕೆಲಸ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆಯೋ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗಿಯೋ ತಿಂಗಳುಗಟ್ಟಲೆ ಹಣ ಬಾರದ ಹಿರಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಕಾಲೇಜು ಇಂಥ ಕೆಲಸದ ಗಂಟೆಗಳನ್ನೂ 120ರೊಳಗೆ ಮರುಮಾತಿಲ್ಲದೆ ಸೇರಿಸಿಕೊಳ್ಳಬೇಕು. ಆ ಹುಡುಗನ ಗುರಿ ಅಕ್ಟೋಬರ್‌ನಲ್ಲಿ ಮುಗಿಯುವಂಥದ್ದಾಗಿರಲಿ. ಅವನ ಪಾಲಿನ ಏಪ್ರಿಲ್‌ನ್ನು ದಳದ ಇನ್ನೊಬ್ಬರು ಹೊತ್ತುಕೊಳ್ಳಲಿ.

ವಿಶ್ವವಿದ್ಯಾಲಯಗಳಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ವಾರ್ಷಿಕ ಕ್ರಿಯಾ ಯೋಜನೆಯ ಜೊತೆ ಪ್ರತಿ ಘಟಕದ ನಾಯಕರ ಗುರಿಗಳ ಒಂದು ಹಾಳೆ ಕೇಳಿದರೆ ಸಾಕು. ಹೆಸರು, ಕೆಲಸ, ಯಾರಿಗಾಗಿ, ಯಾವ ದಿನಾಂಕಕ್ಕೆ, ಕೇಳುವವರು ಯಾರು ಎಂಬಷ್ಟು. ವಿಶೇಷ ಶಿಬಿರ ನಡೆದ ಹಳ್ಳಿಗೆ ಮೂರು ತಿಂಗಳಾದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಐದಾರು ಮಂದಿ ಮರಳಿ ಹೋಗುವುದನ್ನು ಕಡ್ಡಾಯ ಮಾಡಿ, ಆ ಓಡಾಟದ ಖರ್ಚನ್ನು ಶಿಬಿರದ ಅನುದಾನದಲ್ಲೇ ಭರಿಸಲು ಅನುಮತಿ ಕೊಡಬೇಕು. ಶಿಬಿರದಲ್ಲಿ ತೋಡಿದ ಇಂಗುಗುಂಡಿ ಹೂಳು ತುಂಬಿದೆಯೋ, ಸುಣ್ಣ ಬಳಿದ ಶಾಲೆಯ ಶೌಚಾಲಯಕ್ಕೆ ನೀರು ಬರುತ್ತಿದೆಯೋ ಎಂಬುದು ಆಗ ತಿಳಿಯುತ್ತದೆ.

ಎನ್‌ಎಸ್‌ಎಸ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುವುದು ಎರಡು ವರ್ಷ. ಮೂರನೆಯ ವರ್ಷ ಅವನು ಪದವಿಯ ಕೊನೆಯ ಪರೀಕ್ಷೆಗಳಲ್ಲೋ ಕೆಲಸದ ಹುಡುಕಾಟದಲ್ಲೋ ಇರುತ್ತಾನೆ. ಆದ್ದರಿಂದ ಎರಡನೆಯ ವರ್ಷದ ಹಾಳೆಯಲ್ಲಿ ಎಲ್ಲ ನಾಯಕರಿಗೂ ಸಮಾನವಾದ ಒಂದು ಗುರಿ ಇರಬೇಕು: ತಾನು ಹಿಡಿದ ಕೆಲಸಕ್ಕೆ ಕಿರಿಯನೊಬ್ಬನನ್ನು ಡಿಸೆಂಬರ್ ಒಳಗೆ ಹುಡುಕಿ, ಜನವರಿಯಿಂದ ಮಾರ್ಚ್‌ವರೆಗೆ ಅಂಗನವಾಡಿಗೋ ರಕ್ತನಿಧಿಗೋ ನಾಡಕಚೇರಿಗೋ ಜೊತೆಯಲ್ಲೇ ಕರೆದೊಯ್ದು, ಅಲ್ಲಿನವರ ಪರಿಚಯ ಮಾಡಿಸಿ, ತಾನು ಬರೆದಿಟ್ಟ ಹೆಸರು ಮತ್ತು ಫೋನ್ ನಂಬರುಗಳ ಪುಸ್ತಕವನ್ನು ಏಪ್ರಿಲ್ ಮೊದಲ ವಾರದೊಳಗೆ ಅವನ ಕೈಗೆ ಕೊಡುವುದು.